ಒಂದೇ ವರ್ಷ, ಎರಡು ಕಲ್ಯಾಣ

ಡೊಂಬಿವಲಿಯಿಂದ ಠಾಕುರ್ಲಿ, ಆಮೇಲೆ ಕಲ್ಯಾಣ. ಸ್ಲೋ ಲೋಕಲ್ಲಿನಲ್ಲಿ ಎರಡೇ ಸ್ಟೇಷನ್. ಇಷ್ಟು ವರ್ಷ ಓಡಾಡಿದರೂ ನನಗೆ ಗೊತ್ತೇ ಇರಲಿಲ್ಲ ನೋಡಿ: ಈ ಕಲ್ಯಾಣ ಒಂದು ಕಾಲಕ್ಕೆ ನಮ್ಮ ವಿಜಯಪುರದ್ದು! ಗೋಳಗುಮ್ಮಟದಡಿ ಮಲಗಿದ್ದಾನಲ್ಲ ಮುಹಮ್ಮದ್ ಆದಿಲ್ ಶಾಹ, ಅವನದು. 1636ರಲ್ಲಿ ಮೊಗಲರೂ ಅವನೂ ಅಹಮದ್‌ನಗರದ ನಿಜಾಮಶಾಹಿಯನ್ನು ಹಂಚಿಕೊಂಡಾಗ ಈ ಸೀಮೆ ಅವನ ಪಾಲಿಗೆ ಬಂತು.

ಹಾಗಂತ ಸುಲ್ತಾನನೇ ಇಲ್ಲಿ ಬಂದು ಕಂದಾಯ ಎಣಿಸುತ್ತಿದ್ದನೇ? ಎಲ್ಲಿಯ ಮಾತು! ಕಲ್ಯಾಣ ಮುಲ್ಲಾ ಅಹಮದ್ ಎಂಬ ಸರದಾರನ ಜಾಗೀರು. ಅವನೋ ನವಾಯತ, ಹೌದು, ಭಟ್ಕಳದಲ್ಲಿ ನಾವು ಕೇಳುವ ಅದೇ ಹೆಸರು! ಸೀಮೆಯ ಹುಟ್ಟುವಳಿ ಸರದಾರನಿಗೆ, ಅದರಲ್ಲಿ ಸಾಕಿದ ಕುದುರೆ ದಂಡು ಸುಲ್ತಾನನ ಸೇವೆಗೆ. ಇದು ಜಾಗೀರಿನ ಒಪ್ಪಂದ. ಆದರೆ ಲಗಾಮು ಹಿಡಿದವನು ಸರದಾರ ತಾನೇ? ಸಿಂಹಾಸನ ಸ್ವಲ್ಪ ಅಲುಗಿದರೆ ಸಾಕು, ಸರದಾರರದೇ ರಾಜ್ಯ.

ಅಲುಗಿಯೇ ಬಿಟ್ಟಿತು. 1656ರ ನವೆಂಬರಿನಲ್ಲಿ ಮುಹಮ್ಮದ್ ತೀರಿಕೊಂಡ. ಪಟ್ಟಕ್ಕೆ ಬಂದ ಹುಡುಗ ಅಲಿ ಅವನ ಮಗನೇ ಅಲ್ಲ ಎಂಬ ನೆಪ ಹೂಡಿ ಔರಂಗಜೇಬ ದಂಡೆತ್ತಿ ಬಂದ. ಸರದಾರರಲ್ಲಿ ಒಬ್ಬರನ್ನು ಕಂಡರೆ ಒಬ್ಬರಿಗಾಗದು. 1657ರ ಮಾರ್ಚಿನಲ್ಲಿ ಬೀದರ್ ಹೋಯಿತು. ಆಗಸ್ಟ್ ಹೊತ್ತಿಗೆ ಕಲ್ಯಾಣಿ, ಅಂದರೆ ನಮ್ಮ ಬಸವಕಲ್ಯಾಣ! ಅಕ್ಟೋಬರ್ 24ರಂದು ಈ ಕಲ್ಯಾಣ, ಜೊತೆಗೆ ಭಿವಂಡಿ, ಶಿವಾಜಿಯ ಕೈಗೆ. ಎರಡು ಕಲ್ಯಾಣ, ಒಂದೇ ಒಡೆತನ, ಮೂರು ತಿಂಗಳೊಳಗೆ ಎರಡೂ ಇಲ್ಲ! ಓದುತ್ತಿದ್ದ ನಾನು ಕುರ್ಚಿಯಿಂದ ಎದ್ದು ನಿಂತೆ.

ಮುಲ್ಲಾ ಅಹಮದ್ ಎಲ್ಲಿದ್ದ? 400 ಕಿಲೋಮೀಟರಿಗೂ ದೂರದ ರಾಜಧಾನಿಯಲ್ಲಿ. ಅಲ್ಲಿ ನವೆಂಬರಿನಲ್ಲಿ ವಜೀರ ಖಾನ್ ಮುಹಮ್ಮದನ ಕೊಲೆಯಾಯಿತು. ಔರಂಗಜೇಬನನ್ನು ಬೇಕೆಂದೇ ಪಾರಾಗಲು ಬಿಟ್ಟ ಎಂಬ ಗುಮಾನಿ. 1665ರಲ್ಲಿ ಮುಲ್ಲಾ ಅಹಮದನೇ ಮೊಗಲರ ಕಡೆ ಸೇರಿದ. ಸಿಕ್ಕಿದ್ದು 6000ದ ಮನಸಬು, ಅಂದರೆ ಮೊಗಲ ಸೇವೆಯ ದರ್ಜೆ. ದ್ರೋಹ ಅನ್ನಬಹುದು; ನನಗೇನೋ ಅದು ಕಸುಬು ಬದಲಿಸಿದಷ್ಟೇ ಸಲೀಸಾಗಿ ಕಂಡಿತು.

ಮೊನ್ನೆ ಕಲ್ಯಾಣದ ದುರ್ಗಾಡಿ ಕೋಟೆಗೆ ಹೋಗಿದ್ದೆ. ಇಳಿತದ ಹೊತ್ತು, ಖಾಡಿಯಲ್ಲಿ ಬರೀ ಕರಿ ಕೆಸರು. ಪಕ್ಕದ ಸೇತುವೆ ಮೇಲೆ ಭಿವಂಡಿಯ ಲಾರಿಗಳ ಹಾರ್ನು. ಶಿವಾಜಿ ಹಡಗು ಕಟ್ಟಿಸಲು ಆರಿಸಿಕೊಂಡದ್ದು ಈ ನೀರನ್ನೇ!

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಬರುವವರೇ, ಒಮ್ಮೆ ಕಲ್ಯಾಣದಲ್ಲೇ ಇಳಿಯಿರಿ. ಕೋಟೆಗೆ ಸ್ಟೇಷನ್ನಿನಿಂದಲೇ ರಿಕ್ಷಾ ಸಿಗುತ್ತದೆ.