ನದಿ ಶುದ್ಧಿಯ ದಾರಿ ಕೊಳೆಗೇರಿಯ ಮೂಲಕ

ನದಿಯೊಂದನ್ನು ಶುದ್ಧಗೊಳಿಸುವ ಯೋಜನೆಯಲ್ಲಿ ಬಡವರ ಮನೆಯ ಶೌಚಾಲಯಕ್ಕೂ ಸ್ಥಾನವಿತ್ತು ಎಂಬ ಸಂಗತಿ ಇಂದು ಹೆಚ್ಚಿನವರಿಗೆ ನೆನಪಿರಲಾರದು. 1995ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ರಾಷ್ಟ್ರೀಯ ನದಿ ಸಂರಕ್ಷಣಾ ಯೋಜನೆಗೆ ಕರ್ನಾಟಕದಿಂದ ಆಯ್ಕೆಯಾದ ಊರುಗಳಲ್ಲಿ ತುಂಗಾ ತೀರದ ಶಿವಮೊಗ್ಗ ಮತ್ತು ಭದ್ರಾ ತೀರದ ಭದ್ರಾವತಿ ಎರಡೂ ಇದ್ದವು. ಚರಂಡಿಯ ನೀರನ್ನು ನದಿಗೆ ಸೇರುವ ಮುನ್ನವೇ ತಡೆದು ತಿರುಗಿಸುವುದು, ಅದನ್ನು ಸಂಸ್ಕರಿಸುವುದು ಯೋಜನೆಯ ಮುಖ್ಯ ಕೆಲಸ. ಅದರ ಜೊತೆಗೆ ‘ಅಲ್ಪ ವೆಚ್ಚದ ನೈರ್ಮಲ್ಯ’ ಎಂಬ ಅಂಗವೂ ಇತ್ತು. ನದಿ ದಂಡೆಯಲ್ಲಿ ಬಯಲಿಗೆ ಹೋಗುವವರಿಗೆ ಶೌಚಾಲಯ ಕಟ್ಟಿಕೊಡದೆ ನದಿ ಶುದ್ಧವಾಗದು ಎಂಬುದು ಅದರ ಹಿಂದಿನ ಸರಳ ತರ್ಕ.

ತರ್ಕ ಸರಿಯಾಗಿಯೇ ಇತ್ತು. ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸಂಗಮಿಸಿ ಹೊನ್ನಾಳಿ, ಹರಿಹರಗಳತ್ತ ಹರಿಯುತ್ತವೆ. ಮೇಲಿನ ಎರಡು ನಗರಗಳು ಬಿಟ್ಟದ್ದು ಕೆಳಗಿನವರ ಕೊಡಕ್ಕೆ ಬರುತ್ತದೆ. ಆದರೆ ಇಂಥ ಯೋಜನೆಗಳಲ್ಲಿ ಕೊಳವೆ, ಪಂಪು, ಸಂಸ್ಕರಣಾ ಘಟಕಗಳ ಮೇಲೆ ಇರುವ ಉತ್ಸಾಹ ಕೊಳೆಗೇರಿಯ ಓಣಿಯ ಮೇಲೆ ಇರುವುದಿಲ್ಲ. ಕೊಳವೆಗೆ ಗುತ್ತಿಗೆದಾರರಿದ್ದಾರೆ, ಉದ್ಘಾಟನೆಯ ಫಲಕವಿದೆ.

ಅಲ್ಪ ವೆಚ್ಚದ ಶೌಚಾಲಯವೆಂದರೆ ಜೋಡಿ ಗುಂಡಿಯ ಶೌಚಾಲಯ. 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಆರಂಭಿಸಿದ ಬಿಂದೇಶ್ವರ ಪಾಠಕ್ ಅವರಿಂದ ಇದು ದೇಶದಲ್ಲೆಲ್ಲ ಪರಿಚಿತವಾಯಿತು. ಒಮ್ಮೆಗೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕು. ಒಂದು ಗುಂಡಿ ತುಂಬಿದಾಗ ಇನ್ನೊಂದಕ್ಕೆ ತಿರುಗಿಸುವುದು. ಮೊದಲನೆಯದರಲ್ಲಿ ಇರುವುದು ಒಂದೆರಡು ವರ್ಷಗಳಲ್ಲಿ ಕಳಿತು ಗೊಬ್ಬರವಾಗುತ್ತದೆ. ಮಲವನ್ನು ಇನ್ನೊಬ್ಬ ಮನುಷ್ಯ ಮುಟ್ಟಬೇಕಾಗಿಲ್ಲ ಎಂಬುದೇ ಇದರ ಹಿರಿಮೆ. 1970ರ ದಶಕದಲ್ಲಿ ಬಿ.ಬಸವಲಿಂಗಪ್ಪನವರು ಸಚಿವರಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ರಾಜ್ಯ ಇದು. ನಾಲ್ಕು ದಶಕ ಕಳೆಯುವ ಹೊತ್ತಿಗೂ, 2010ರಲ್ಲಿ, ಸವಣೂರಿನ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು ಎಂಬುದೂ ಇದೇ ರಾಜ್ಯದ ಇತಿಹಾಸ.

ಆದರೆ ಜೋಡಿ ಗುಂಡಿಗೆ ಜಾಗ ಬೇಕು. ಹತ್ತಡಿ ಅಗಲದ ಮನೆಯ ಮುಂದೆ ಒಂದು ಗುಂಡಿಗೇ ಸ್ಥಳವಿಲ್ಲದಿರುವಾಗ ಎರಡನ್ನು ಎಲ್ಲಿ ತೋಡುವುದು? ಜಾಗವಿದ್ದರೂ ಅದರ ಹಕ್ಕುಪತ್ರ ಇರುವುದಿಲ್ಲ. ನಾಳೆ ಎತ್ತಂಗಡಿಯಾಗಬಹುದಾದ ನೆಲದಲ್ಲಿ ಸಾಲ ಮಾಡಿ ಶೌಚಾಲಯ ಕಟ್ಟುವಷ್ಟು ಅವಿವೇಕಿಗಳು ಬಡವರಲ್ಲ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯಂತೆ ಘೋಷಿತವಾದ ಕೇರಿಗೆ ಒಂದಿಷ್ಟು ಸೌಕರ್ಯದ ಬಾಗಿಲು ತೆರೆಯುತ್ತದೆ; ಘೋಷಣೆಯಾಗದ ಕೇರಿ ಕಡತದಲ್ಲೇ ಇರುವುದಿಲ್ಲ.

ಇನ್ನು ಮಲೆನಾಡಿನ ಅಂಚಿನ ಈ ಊರುಗಳ ಮಳೆ. ಅಗ್ಗದ ನಿವೇಶನ ಸಿಗುವುದು ತಗ್ಗಿನಲ್ಲಿ. ಲಕ್ಕವಳ್ಳಿಯ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಭದ್ರಾವತಿಯ ಕವಲಗುಂದಿಗೆ ನೀರು ನುಗ್ಗುವುದು ಹೊಸ ಸುದ್ದಿಯಲ್ಲ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳು ಮುಳುಗಿದವು. ಅಂಥ ದಿನಗಳಲ್ಲಿ ಗುಂಡಿಯಲ್ಲಿರುವುದೆಲ್ಲ ಮೇಲೆದ್ದು ಮನೆಯೊಳಗೆ ಬರುತ್ತದೆ. ನೀರಿಳಿದ ಮೇಲೆ ಪರಿಹಾರದ ಲೆಕ್ಕದಲ್ಲಿ ಗೋಡೆ, ಪಾತ್ರೆ, ಬಟ್ಟೆಗಳ ಪ್ರಸ್ತಾಪವಾಗುತ್ತದೆಯೇ ಹೊರತು ಹಾಳಾದ ಶೌಚಗುಂಡಿಯನ್ನು ಕೇಳುವವರಿಲ್ಲ.

ಮನೆಯಲ್ಲಿ ಸಾಧ್ಯವಿಲ್ಲದಲ್ಲಿ ಸಮುದಾಯ ಶೌಚಾಲಯ ಎನ್ನುತ್ತದೆ ಸರ್ಕಾರ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ನಗರ ಮಾರ್ಗಸೂಚಿಯಂತೆ ಅದರಲ್ಲಿ 35 ಗಂಡಸರಿಗೆ ಒಂದು, 25 ಹೆಂಗಸರಿಗೆ ಒಂದು ಆಸನವಿರಬೇಕು. ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ಆದರೆ ಒಬ್ಬೊಬ್ಬರಿಗೆ ಐದೈದು ನಿಮಿಷ ಹಿಡಿದರೂ 25 ಹೆಂಗಸರಿಗೆ ಎರಡು ಗಂಟೆ ಮೀರುತ್ತದೆ. ಬೆಳಿಗ್ಗೆ ಏಳಕ್ಕೆ ಬೇರೆಯವರ ಮನೆಯಲ್ಲಿ ಮುಸುರೆ ತಿಕ್ಕಲು ನಿಲ್ಲಬೇಕಾದ ಹೆಂಗಸು ಐದಕ್ಕೇ ಸಾಲಿನಲ್ಲಿರಬೇಕು, ಇಲ್ಲವೇ ಕತ್ತಲಿರುವಾಗಲೇ ಪೊದೆಯ ಮರೆಗೆ ಹೋಗಬೇಕು. ಇದಕ್ಕೆ ನೀರಿಲ್ಲದ ನಲ್ಲಿ, ಉರಿಯದ ದೀಪ, ಚಿಲಕವಿಲ್ಲದ ಬಾಗಿಲು ಸೇರಿಕೊಂಡರೆ ಕಟ್ಟಡ ಇದ್ದೂ ಇಲ್ಲದಂತೆ. ರಾತ್ರಿ ಊಟ ಬಿಟ್ಟು, ಹಗಲು ನೀರು ಕುಡಿಯದೆ ದಿನ ದೂಡುವ ಹೆಂಗಸರನ್ನು ಯಾವ ಅಂಕಿಅಂಶವೂ ಎಣಿಸುವುದಿಲ್ಲ.

ಭದ್ರಾವತಿಯ ಕಥೆಗೆ ಇನ್ನೊಂದು ಮಗ್ಗುಲಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಈ ಊರಿಗೆ ನ್ಯೂಟೌನ್, ಪೇಪರ್‌ಟೌನ್‌ಗಳನ್ನು ಕೊಟ್ಟವು. ಕಾಯಂ ನೌಕರನ ಕ್ವಾರ್ಟರ್ಸ್‌ಗೆ ನೀರು, ಒಳಚರಂಡಿ ಬಂದದ್ದು ಕಾರ್ಖಾನೆಯ ಖರ್ಚಿನಲ್ಲಿ. ಕೂಲಿಗೆಂದು ಬಂದು ಬೇಲಿಯಾಚೆ ಗುಡಿಸಲು ಹಾಕಿಕೊಂಡವರಿಗೆ ಆ ಭಾಗ್ಯವಿರಲಿಲ್ಲ. ಕಾರ್ಖಾನೆಗಳು ಸೊರಗಿದಂತೆ ಊರೂ ಸೊರಗಿತು, 2001ರಲ್ಲಿ 1.60 ಲಕ್ಷದಷ್ಟಿದ್ದ ಜನಸಂಖ್ಯೆ 2011ರ ಜನಗಣತಿಯಲ್ಲಿ 1.51 ಲಕ್ಷಕ್ಕೆ ಇಳಿಯಿತು. ಸೊರಗಿದ ಊರಿನ ನಗರಸಭೆಗೂ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಶಿವಮೊಗ್ಗದ ಪಾಲಿಕೆಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ. ನೆರವು ಹೆಚ್ಚು ಬೇಕಾದದ್ದು ಭದ್ರಾವತಿಗೆ.

ಮಧ್ಯಮ ವರ್ಗದ ನಾವು ಇದರಿಂದ ಹೊರಗಿದ್ದೇವೆಂದು ಭಾವಿಸಬೇಕಿಲ್ಲ. ನಮ್ಮ ಎಷ್ಟೋ ಮನೆಗಳ ಸೆಪ್ಟಿಕ್ ಟ್ಯಾಂಕ್‌ಗಳ ಹೊರಕೊಳವೆ ಸದ್ದಿಲ್ಲದೆ ಮಳೆನೀರಿನ ಚರಂಡಿಗೆ ಸೇರಿದೆ. ಕೊಳೆಗೇರಿಯವನು ನದಿ ಕೆಡಿಸುವುದು ಕಣ್ಣಿಗೆ ಕಾಣುತ್ತದೆ. ನಮ್ಮದು ಕಾಣುವುದಿಲ್ಲ, ಅಷ್ಟೇ. ಟ್ಯಾಂಕಿನೊಳಗೆ ಮನುಷ್ಯನನ್ನು ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಯಂತ್ರದಿಂದ ಹೀರಿದ ಮಲವನ್ನು ಹೊಲಕ್ಕೋ ಹಳ್ಳಕ್ಕೋ ಸುರಿದರೆ ಅಪಾಯ ಜಾಗ ಬದಲಿಸುತ್ತದೆಯೇ ಹೊರತು ತೊಲಗುವುದಿಲ್ಲ. 2015ರಲ್ಲಿಯೇ ದೇವನಹಳ್ಳಿಯಂಥ ಪುಟ್ಟ ಪಟ್ಟಣ ಇದಕ್ಕೆಂದೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಆರಂಭಿಸಿತು. ಒಳಚರಂಡಿ ತಲುಪದ ಕೇರಿಗಳಿಗೆ ಅದು ಕೈಗೆಟಕುವ ದಾರಿ.

ಬಯಲು ಶೌಚಮುಕ್ತ ಎಂಬ ಪ್ರಮಾಣಪತ್ರಕ್ಕೆ ಕಟ್ಟಡದ ಎಣಿಕೆ ಸಾಕಾಗಬಹುದು. ಕೇರಿಗೆ ಬೇಕಾದದ್ದು ಬೇರೆ: ಮೊದಲು ಹಕ್ಕುಪತ್ರ, ಆಮೇಲೆ ಬೆಳಗಿನ ಐದರಿಂದ ಎಂಟರವರೆಗೆ ತಪ್ಪದ ನೀರು, ಶುಚಿಗೊಳಿಸುವವರಿಗೆ ತಿಂಗಳಿಗೆ ಸರಿಯಾಗಿ ಸಂಬಳ. ಕಟ್ಟುವ ಹಣ ದೆಹಲಿಯಿಂದಲೋ ಬೆಂಗಳೂರಿನಿಂದಲೋ ಒಮ್ಮೆ ಬರುತ್ತದೆ. ನೀರಿನ ಬಿಲ್ಲು, ದೀಪದ ಬಿಲ್ಲು, ಸಂಬಳ ಪ್ರತಿ ತಿಂಗಳೂ ಬರುತ್ತವೆ. ಮುಂದಿನ ಬಜೆಟ್‌ನಲ್ಲಿ ಇವುಗಳಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ಇದೆಯೇ ಎಂದು ಎರಡೂ ಊರುಗಳ ವಾರ್ಡಿನ ಜನ ತಮ್ಮ ಪ್ರತಿನಿಧಿಗಳನ್ನು ಕೇಳಬಹುದು.