ಮೂಡಲ ಬಾಗಿಲನ್ನು ತೆರೆದವರು ಯಾರು?

ಮುಳಬಾಗಿಲು ಎಂಬ ಹೆಸರಿನ ಮೂಲ 'ಮೂಡಲ ಬಾಗಿಲು' ಎನ್ನುತ್ತಾರೆ. ಪೂರ್ವದ ಬಯಲುಸೀಮೆಯಿಂದ ಘಟ್ಟ ಹತ್ತಿ ಮೈಸೂರು ಪ್ರಸ್ಥಭೂಮಿಗೆ ಬರುವವರಿಗೆ ಅದು ನಿಜವಾಗಿಯೂ ಹೆಬ್ಬಾಗಿಲು. ಒಂದು ಕಡೆ ನಂಗಲಿ, ಪಲಮನೇರು ದಾರಿ. ಇನ್ನೊಂದು ಕಡೆ ಕೋಲಾರದ ಬಯಲು. ನಡುವೆ ಬೆಟ್ಟ, ಬೆಟ್ಟದ ಮೇಲೆ ಕೋಟೆ. 1768ನೇ ಇಸವಿಯಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಈ ಬಾಗಿಲು ಎರಡು ಸಲ ತೆರೆಯಿತು. ಎರಡು ಸಲವೂ ಅದಕ್ಕೆ ಫಿರಂಗಿ ಬೇಕಾಗಲಿಲ್ಲ. ಒಳಗಿದ್ದವರೇ ಅಗುಳಿ ತೆಗೆದರು. ಯುದ್ಧಕಾಲದ ಮೈತ್ರಿ ಮತ್ತು ಗುಪ್ತ ಕಾರ್ಯಾಚರಣೆಗಳ ಬಗ್ಗೆ ಮಾತನಾಡುವಾಗ ನಾವು ಯುರೋಪಿನ ಉದಾಹರಣೆಗಳನ್ನು ಹುಡುಕುತ್ತೇವೆ. ಅದರ ಒಂದು ಪೂರ್ಣ ಪಾಠ ಬೆಂಗಳೂರಿನಿಂದ ನೂರು ಕಿಲೋಮೀಟರಿನೊಳಗೇ ಇದೆ.

ಅದು ಮೊದಲನೆಯ ಮೈಸೂರು ಯುದ್ಧದ ಕಾಲ. ಆರಂಭದಲ್ಲಿ ಹೈದರಾಲಿಯ ಜತೆಗಿದ್ದ ಹೈದರಾಬಾದಿನ ನಿಜಾಮ 1768ರ ಫೆಬ್ರುವರಿಯ ಹೊತ್ತಿಗೆ ಇಂಗ್ಲಿಷರೊಂದಿಗೆ ಒಪ್ಪಂದ ಮಾಡಿಕೊಂಡು ದೂರ ಸರಿದಿದ್ದ. ಮುಂಬಯಿಯಿಂದ ಬಂದ ಕುಂಪಣಿ ಪಡೆಯಿಂದ ಮಂಗಳೂರನ್ನು ಬಿಡಿಸಿಕೊಳ್ಳಲು ಹೈದರಾಲಿ ಕರಾವಳಿಗೆ ಇಳಿದಿದ್ದ. ಈ ಸಮಯ ನೋಡಿ ಮದರಾಸಿನ ಕುಂಪಣಿ ಸೈನ್ಯ ಘಟ್ಟ ಹತ್ತಿತು. ಅದರ ಮುಂದಿದ್ದದ್ದು ಹೈದರಾಲಿಯ ತವರು ಸೀಮೆ. ಅವನು ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮದನ ಸಮಾಧಿ ಇರುವುದು ಕೋಲಾರದಲ್ಲಿ. ಇಲ್ಲಿನ ಕೆರೆ, ಕಣಿವೆ, ಕಾಲುದಾರಿಗಳನ್ನು ಬಲ್ಲ ವೈರಿಯನ್ನು ಅವನ ನೆಲದಲ್ಲೇ ಎದುರಿಸಬೇಕಾದರೆ ಕುಂಪಣಿಗೆ ಸ್ಥಳೀಯ ಮಿತ್ರರು ಅನಿವಾರ್ಯವಾಗಿದ್ದರು. ಅಂಥವರು ಇಬ್ಬರಿದ್ದರು: ಆರ್ಕಾಟಿನ ನವಾಬ ಮಹಮದ್ ಅಲಿ ಮತ್ತು ಗುತ್ತಿಯ ಮರಾಠ ಸರದಾರ ಮುರಾರಿರಾವ್ ಘೋರ್ಪಡೆ.

ಮುಳಬಾಗಿಲು ಕೋಟೆ ಕೈವಶವಾದ ಬಗೆಯನ್ನು ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಕೋಟೆಯ ಕಿಲ್ಲೇದಾರ ಹೈದರಾಲಿಯ ಸೇನೆಗೆ ಹೊಸ ಸಿಪಾಯಿಗಳನ್ನು ಸೇರಿಸುವ ಹೊಣೆ ಹೊತ್ತಿದ್ದ. ಅವನು ನವಾಬನ ಕಡೆಯವರೊಂದಿಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡ. ಹೊಸ ಸಿಪಾಯಿಗಳೆಂಬ ನೆಪದಲ್ಲಿ ಕುಂಪಣಿಯ ಸಿಪಾಯಿಗಳೇ ಕತ್ತಲಲ್ಲಿ ಕೋಟೆಯ ಬಳಿಗೆ ಬಂದರು. ಅವರ ಮುಂದಾಳು ಮ್ಯಾಥ್ಯೂಸ್ ಎಂಬ ಇಂಗ್ಲಿಷ್ ಕ್ಯಾಪ್ಟನ್. ಮುಖಕ್ಕೆ ಬಣ್ಣ ಬಳಿದುಕೊಂಡು ಸುಬೇದಾರನ ವೇಷ ತೊಟ್ಟಿದ್ದ. ಗೊತ್ತುಮಾಡಿದ ಜಾಗದಲ್ಲಿ ಏಣಿಗಳು ಸಿದ್ಧವಾಗಿದ್ದವು. ಒಳಹೊಕ್ಕ ಮೇಲೆ ಇಂಗ್ಲಿಷ್ ನಗಾರಿ ಮೊಳಗಿದಾಗಲೇ ಕಾವಲಿನವರಿಗೆ ಬಂದವರು ಯಾರೆಂಬುದು ತಿಳಿದದ್ದು. ಜೂನ್ ಮುಗಿಯುವುದರೊಳಗೆ ಕೋಲಾರವೂ, ಜುಲೈಯಲ್ಲಿ ಹೊಸೂರೂ ಕುಂಪಣಿಯ ವಶವಾದವು.

ಗುಪ್ತ ಕಾರ್ಯಾಚರಣೆಯಾಗಿ ಇದಕ್ಕಿಂತ ಅಚ್ಚುಕಟ್ಟಾದದ್ದು ಇರಲಾರದು. ಆದರೆ ಇದರ ಬುನಾದಿಯಲ್ಲೇ ಒಂದು ಬಿರುಕಿತ್ತು. ನವಾಬನಿಗೆ ಬೇಕಾಗಿದ್ದದ್ದು ಗೆದ್ದ ನಾಡಿನ ಕಂದಾಯ. ಅವನು ಸ್ವತಃ ಸೈನ್ಯದ ಹಿಂದೆಯೇ ಬಂದು ಕೋಲಾರದಲ್ಲಿ ಬೀಡುಬಿಟ್ಟ. ಮದರಾಸಿನ ಕೌನ್ಸಿಲು ತನ್ನ ಸೇನಾಪತಿ ಕರ್ನಲ್ ಜೋಸೆಫ್ ಸ್ಮಿತ್‌ನನ್ನು ಪೂರ್ತಿಯಾಗಿ ನಂಬದೆ, ಅವನ ಮೇಲೊಂದು ಕಣ್ಣಿಡಲು ಇಬ್ಬರು ಸದಸ್ಯರನ್ನು ಪಾಳೆಯಕ್ಕೆ ಕಳುಹಿಸಿತ್ತು. ಆ ಪ್ರತಿನಿಧಿಗಳು ಮುಳಬಾಗಿಲಿನ ಕೋಟೆಯಲ್ಲಿದ್ದ ಕುಂಪಣಿಯ ಕಾವಲನ್ನು ತೆಗೆಸಿ ನವಾಬನ ದಳವನ್ನು ಇರಿಸಿದರು. ಹೀಗೆ ಒಂದೇ ಪಾಳೆಯದಲ್ಲಿ ಮೂವರು ಯಜಮಾನರಾದರು. ಒಬ್ಬನ ಗುಟ್ಟು ಇನ್ನೊಬ್ಬನಿಗೆ ತಿಳಿಯದು. ಒಬ್ಬನ ಗುರಿ ಇನ್ನೊಬ್ಬನಿಗೆ ಬೇಡ.

ಇದರ ನಡುವೆಯೂ ಒಬ್ಬ ಮಿತ್ರ ತನ್ನ ಯೋಗ್ಯತೆಯನ್ನು ತೋರಿಸಿದ. ಆಗಸ್ಟ್ ಆರಂಭದಲ್ಲಿ ಹೊಸಕೋಟೆಯ ಸಮೀಪ ಮುರಾರಿರಾವ್ ತನ್ನ ಕುದುರೆ ದಂಡಿನೊಂದಿಗೆ ಸ್ಮಿತ್‌ನನ್ನು ಕೂಡಿಕೊಂಡ. ಅದೇ ತಿಂಗಳ ಕೊನೆಯ ಭಾಗದ ಒಂದು ರಾತ್ರಿ ಹೈದರಾಲಿಯ ಸವಾರರು ಇಂಗ್ಲಿಷ್ ಪಾಳೆಯವನ್ನು ಬಿಟ್ಟು, ಪಕ್ಕದಲ್ಲಿದ್ದ ಮರಾಠರ ಮೇಲೆ ಎರಗಿದರು. ಯಾರೂ ಕುದುರೆ ಏರಬಾರದು, ಪ್ರತಿಯೊಬ್ಬನೂ ತನ್ನ ಕುದುರೆಯ ಪಕ್ಕದಲ್ಲೇ ನಿಂತಿರಬೇಕು ಎಂದು ಮುರಾರಿರಾವ್ ಆಜ್ಞೆ ಮಾಡಿದ. ಕತ್ತಲಲ್ಲಿ ಕುದುರೆಯ ಮೇಲೆ ಕಂಡವನೇ ವೈರಿ ಎಂಬುದು ಅವನ ಲೆಕ್ಕ. ಗಾಯಗೊಂಡ ಆನೆಯೊಂದು ಕಟ್ಟು ಹರಿದುಕೊಂಡು, ಸರಪಳಿಯನ್ನು ಸೊಂಡಿಲಿನಲ್ಲಿ ಬೀಸುತ್ತ ನುಗ್ಗಿದ್ದೂ ಸೇರಿ, ದಾಳಿ ಮುರಿದುಬಿತ್ತು.

ಕೆಲವೇ ದಿನಗಳಲ್ಲಿ ಮಾಲೂರು ಸೀಮೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಪ್ರಸಂಗ ನಡೆಯಿತು. ತೆಂಕಣದಿಂದ ಕರ್ನಲ್ ವುಡ್‌ನ ಪಡೆ ಸ್ಮಿತ್‌ನನ್ನು ಕೂಡಿಕೊಳ್ಳಲು ಬರುತ್ತಿತ್ತು. ಅದನ್ನು ದಾರಿಯಲ್ಲೇ ಅಡ್ಡಗಟ್ಟಲು ಹೈದರಾಲಿ ಹೊಂಚು ಹಾಕಿದ್ದ. ಅದನ್ನರಿತ ಸ್ಮಿತ್ ಸದ್ದಿಲ್ಲದೆ ಮುಂದುವರಿದು, ಹೊಂಚು ಹಾಕಿದವನನ್ನೇ ಸುತ್ತುವರಿಯುವ ಸನ್ನಾಹದಲ್ಲಿದ್ದ. ಅಷ್ಟರಲ್ಲಿ ಸ್ಮಿತ್ ಸಮೀಪದಲ್ಲಿರುವ ಸುದ್ದಿ ಕೇಳಿದ ವುಡ್, ಹಿರಿಯ ಅಧಿಕಾರಿಯ ಗೌರವಾರ್ಥ ಕುಶಾಲು ತೋಪು ಹಾರಿಸಿಬಿಟ್ಟ! ಆ ಸದ್ದಿಗೆ ಹೈದರಾಲಿ ಎಚ್ಚೆತ್ತು ಜಾರಿಕೊಂಡ. ಮಿತ್ರರ ನಡುವೆ ಮಾತಿಲ್ಲದಿದ್ದರೆ ಮರ್ಯಾದೆಯೂ ಮಾರಕವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಕೊನೆಯ ಪೆಟ್ಟು ಬಿದ್ದದ್ದು ಮತ್ತೆ ಮುಳಬಾಗಿಲಿನಲ್ಲಿ. ಬೆಟ್ಟದ ಕಾವಲಿಗಿದ್ದ ನವಾಬನ ಅಧಿಕಾರಿಯನ್ನು ಹೈದರಾಲಿ ಒಳಗೆ ಹಾಕಿಕೊಂಡ. ಕೋಟೆ ಮತ್ತೆ ಒಳಗಿನಿಂದಲೇ ಕೈಬದಲಾಯಿತು. ಅದನ್ನು ಮರಳಿ ಪಡೆಯಲು ವುಡ್ ಮಾಡಿದ ಪ್ರಯತ್ನದಲ್ಲಿ ಬೆಟ್ಟ ಹತ್ತುವುದು ಸಾಧ್ಯವಾಗಲಿಲ್ಲ. ಅಕ್ಟೋಬರ್ 4ರಂದು ಹೈದರಾಲಿಯ ಮುಖ್ಯ ಸೈನ್ಯವೇ ಅವನನ್ನು ಮುತ್ತಿಕೊಂಡಿತು. ಸೋಲು ಖಚಿತವೆನಿಸಿದ್ದಾಗ ಕ್ಯಾಪ್ಟನ್ ಬ್ರೂಕ್ ಎಂಬವನು ಗಾಯಾಳುಗಳನ್ನೂ ಎರಡು ಫಿರಂಗಿಗಳನ್ನೂ ಒಂದು ಬಂಡೆಯ ಮೇಲಕ್ಕೆ ಸಾಗಿಸಿ, ಗುಂಡು ಹಾರಿಸುತ್ತ 'ಸ್ಮಿತ್! ಸ್ಮಿತ್!' ಎಂದು ಕೂಗಿಸಿದ. ಸ್ಮಿತ್ ಬಂದೇಬಿಟ್ಟನೆಂದು ಎರಡೂ ಕಡೆಯವರು ನಂಬಿದರು. ಆ ಗಳಿಗೆಯಲ್ಲಿ ವುಡ್‌ನ ಸೈನ್ಯ ಸಾವರಿಸಿಕೊಂಡಿತು. ಇಂಗ್ಲಿಷ್ ಬರಹಗಾರರು ಈ ಉಪಾಯವನ್ನು ಬಹಳ ಕೊಂಡಾಡಿದ್ದಾರೆ. ಬರಲಾರದ ಮಿತ್ರನ ಹೆಸರು ಕೂಗಿ ಜೀವ ಉಳಿಸಿಕೊಳ್ಳಬೇಕಾದ ಸ್ಥಿತಿ ಏಕೆ ಬಂತು ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವಲ್ಲವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು 174 ವರ್ಷ ಮುಂದಕ್ಕೆ, ಹಿಮದ ನಾಡಾದ ನಾರ್ವೆಗೆ ಹೋಗಿ ಬರುವುದು ಉಪಯುಕ್ತ. ಅಲ್ಲಿಯೂ ಬ್ರಿಟಿಷರಿದ್ದರು, ಸ್ಥಳೀಯ ಮಿತ್ರರಿದ್ದರು, ಗುಪ್ತ ಕಾರ್ಯಾಚರಣೆಗಳಿದ್ದವು. ಅಲ್ಲಿಯೂ ಆರಂಭ ಚೆನ್ನಾಗಿರಲಿಲ್ಲ.

1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆಯ ಮೇಲೆ ದಾಳಿ ಮಾಡಿತು. ದೊರೆ ಹಾಕನ್ ಮತ್ತು ಅವರ ಸರ್ಕಾರ ಲಂಡನ್ ಸೇರಿದರು. ವೈರಿಯ ನೆಲದಲ್ಲಿ ಬುಡಮೇಲು ಕೃತ್ಯಗಳನ್ನು ನಡೆಸಲೆಂದೇ ಬ್ರಿಟನ್ ಅದೇ ವರ್ಷ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತ್ತು. ಅದರ ಅಡಿಯಲ್ಲಿ ನಾರ್ವೆಯ ತರುಣರ ದಳವೊಂದು ತರಬೇತಿ ಪಡೆಯಿತು. ಅದರ ನಾಯಕ ಮಾರ್ಟಿನ್ ಲಿಂಗೆ ಮೂಲತಃ ರಂಗನಟ. 1941ರ ಡಿಸೆಂಬರ್ 27ರಂದು ಬ್ರಿಟಿಷರು ನಾರ್ವೆಯ ಕರಾವಳಿಯ ಮೇಲೆ ನಡೆಸಿದ ದಾಳಿಯಲ್ಲಿ ಲಿಂಗೆ ಮಡಿದ. ಬ್ರಿಟಿಷರು ತಮ್ಮ ಜನರನ್ನು ಬಳಸಿಕೊಳ್ಳುತ್ತಿದ್ದಾರೆ, ತಮ್ಮನ್ನು ವಿಶ್ವಾಸಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂಬ ಅಸಮಾಧಾನ ನಾರ್ವೆಯವರಲ್ಲಿ ಭುಗಿಲೆದ್ದಿತು. ಮೈತ್ರಿ ಮುರಿಯಬಹುದಾಗಿದ್ದ ಆ ಹೊತ್ತಿನಲ್ಲಿ, 1942ರ ಆರಂಭದಲ್ಲಿ, ಎರಡೂ ದೇಶದವರು ಕೂತು ಯೋಜನೆಗಳನ್ನು ಚರ್ಚಿಸುವ ಜಂಟಿ ಸಮಿತಿಯೊಂದು ರಚನೆಯಾಯಿತು. ಗುಟ್ಟನ್ನು ಹಂಚಿಕೊಳ್ಳದೆ ಗಂಡಾಂತರವನ್ನು ಮಾತ್ರ ಹಂಚಿಕೊಳ್ಳಿ ಎನ್ನಲಾಗದು ಎಂಬುದನ್ನು ಲಂಡನ್ ಒಪ್ಪಿಕೊಂಡಿತು.

ಫಲಿತಾಂಶ ವೆಮೊರ್ಕ್‌ನ ಭಾರಜಲ ಕಾರ್ಖಾನೆಯಲ್ಲಿ ಕಂಡಿತು. ಜರ್ಮನರ ಅಣು ಸಂಶೋಧನೆಗೆ ಬೇಕಾದ ಭಾರಜಲ ತಯಾರಾಗುತ್ತಿದ್ದದ್ದು ಅಲ್ಲಿ. 1942ರ ನವೆಂಬರಿನಲ್ಲಿ ಬ್ರಿಟಿಷ್ ಸೈನಿಕರನ್ನೇ ಗ್ಲೈಡರುಗಳಲ್ಲಿ ಇಳಿಸುವ ಪ್ರಯತ್ನ ದುರಂತವಾಯಿತು. 41 ಮಂದಿ ಸತ್ತರು, ಅವರಲ್ಲಿ ಸೆರೆಸಿಕ್ಕಿ ಕೊಲೆಯಾದವರೂ ಇದ್ದರು. ಅವರಿಗೆ ದಾರಿ ತೋರಲು ಮೊದಲೇ ಇಳಿದಿದ್ದ ನಾಲ್ವರು ನಾರ್ವೆಯವರು ನಮ್ಮ ಕಲ್ಲುಹೂವನ್ನು ಹೋಲುವ ಪಾಚಿಯನ್ನು ತಿಂದು, ಹಿಮಸಾರಂಗದ ಬೇಟೆಯಾಡಿ ಚಳಿಗಾಲ ಕಳೆದರು. ಎರಡನೆಯ ಸಲ ಕೆಲಸವನ್ನು ಪೂರ್ತಿಯಾಗಿ ನಾರ್ವೆಯವರಿಗೇ ಒಪ್ಪಿಸಲಾಯಿತು. ಕಾರ್ಖಾನೆಯ ಮೂಲೆಮೂಲೆ ಬಲ್ಲ ಪ್ರೊಫೆಸರ್ ಲೈಫ್ ಟ್ರೊನ್‌ಸ್ಟಾಡ್ ಯೋಜನೆಯ ಹಿಂದಿದ್ದರು. ವಿಮಾನ, ಸ್ಫೋಟಕ, ತರಬೇತಿ ಬ್ರಿಟಿಷರದು. ಕಾಲು, ಕಣ್ಣು, ತೀರ್ಮಾನ ನಾರ್ವೆಯವರದು. 1943ರ ಫೆಬ್ರುವರಿ 27ರ ರಾತ್ರಿ ಯೋಆಕಿಮ್ ರೋನೆಬರ್ಗ್ ನೇತೃತ್ವದ ಒಂಬತ್ತು ಮಂದಿ ಕಡಿದಾದ ಕಮರಿಯನ್ನು ದಾಟಿ ಒಳನುಗ್ಗಿ, ಒಬ್ಬರ ರಕ್ತವೂ ಚೆಲ್ಲದಂತೆ ಭಾರಜಲದ ಘಟಕವನ್ನು ಧ್ವಂಸ ಮಾಡಿದರು.

ಆ ರಾತ್ರಿಯ ಎರಡು ಸಣ್ಣ ಸಂಗತಿಗಳು ದೊಡ್ಡ ಮಾತನ್ನು ಹೇಳುತ್ತವೆ. ಬತ್ತಿಗೆ ಕಿಡಿ ತಾಕಿಸುವ ಮುನ್ನ ಒಳಗಿದ್ದ ನಾರ್ವೆಯ ಕಾವಲುಗಾರ ತನ್ನ ಕನ್ನಡಕ ಕಾಣೆಯಾಗಿದೆ ಎಂದ. ಯುದ್ಧಕಾಲದಲ್ಲಿ ಇನ್ನೊಂದು ಕನ್ನಡಕ ಸಿಗುವುದು ಕಷ್ಟ. ಜೀವ ಕೈಯಲ್ಲಿ ಹಿಡಿದು ಬಂದವರು ಅದನ್ನು ಹುಡುಕಿಕೊಟ್ಟರು. ಹೊರಡುವಾಗ ಬೇಕೆಂದೇ ಒಂದು ಬಂದೂಕನ್ನು ಬಿಟ್ಟುಹೋದರು. ಇದು ಬ್ರಿಟಿಷ್ ಸೈನಿಕರ ಕೆಲಸವೆಂದು ಜರ್ಮನರು ತಿಳಿಯಲಿ, ಸುತ್ತಲಿನ ಹಳ್ಳಿಗಳ ಮೇಲೆ ಸೇಡು ತೀರಿಸಿಕೊಳ್ಳದಿರಲಿ ಎಂಬುದು ಉದ್ದೇಶ. ನಾಡಿನವರು ನಡೆಸಿದ ಕಾರ್ಯಾಚರಣೆಯಲ್ಲಿ ನಾಡಿನವರ ಚಿಂತೆ ತಾನಾಗಿ ಇರುತ್ತದೆ.

ಹಾಗೆಂದು ನಾರ್ವೆಯ ಕಥೆಯನ್ನು ಕೇವಲ ವೀರಗಾಥೆಯಾಗಿ ಓದಬಾರದು. ಬ್ರಿಟನ್ನಿನ ಶೆಟ್‌ಲ್ಯಾಂಡ್ ದ್ವೀಪಗಳಿಂದ ದೋಣಿಗಳಲ್ಲಿ ಬಂದಿಳಿದವರಿಗೆ ಆಶ್ರಯ ಕೊಟ್ಟ ತೆಲವೋಗ್ ಎಂಬ ಮೀನುಗಾರರ ಊರನ್ನು 1942ರ ಏಪ್ರಿಲ್‌ನಲ್ಲಿ ಜರ್ಮನರು ನೆಲಸಮ ಮಾಡಿದರು. ಸೆರೆಶಿಬಿರಕ್ಕೆ ಒಯ್ದ 72 ಗಂಡಸರಲ್ಲಿ 31 ಮಂದಿ ಮರಳಲಿಲ್ಲ. 1944ರ ಫೆಬ್ರುವರಿಯಲ್ಲಿ ಉಳಿದ ಭಾರಜಲವನ್ನು ಸಾಗಿಸುತ್ತಿದ್ದ ನಾವೆಯನ್ನು ಮುಳುಗಿಸಿದಾಗ 14 ಮಂದಿ ನಾರ್ವೆಯ ಪ್ರಯಾಣಿಕರು ಮತ್ತು ಸಿಬ್ಬಂದಿ ಸತ್ತರು. ಮುಳುಗಿಸುವ ಮೊದಲು ಅಲ್ಲಿದ್ದವರು ಇದು ಅಷ್ಟು ಬೆಲೆ ತೆರುವಂಥದ್ದೇ ಎಂದು ಲಂಡನ್ನಿಗೆ ಕೇಳಿದ್ದರು. ಉತ್ತರ ಹೌದೆಂದೇ ಬಂತು. ಬೆಲೆ ತೆತ್ತವರು ಸ್ಥಳೀಯರೇ. ಆದರೆ ಕೇಳುವ ಹಕ್ಕಾದರೂ ಅವರಿಗಿತ್ತು.

ಕೋಲಾರದ ಸೀಮೆಗೆ ಆ ಹಕ್ಕು ಇರಲಿಲ್ಲ. ಎರಡು ಸಂದರ್ಭಗಳು ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ನಾರ್ವೆಯ ಜನ ತಮ್ಮ ದೇಶವನ್ನು ಬಿಡಿಸಿಕೊಳ್ಳಲು ಹೋರಾಡಿದರು. 1768ರಲ್ಲಿ ಕೋಲಾರದ ರೈತನ ಪಾಲಿಗೆ ಪ್ರಶ್ನೆ ಇದ್ದದ್ದು ಕಂದಾಯ ಯಾರಿಗೆ ಕಟ್ಟಬೇಕು ಎಂಬುದು. ಹೈದರಾಲಿಯನ್ನು ಪೂಜಿಸುವ ಅಥವಾ ಹಳಿಯುವ ಇಂದಿನ ವಾಗ್ವಾದಕ್ಕೆ ಇದನ್ನು ಎಳೆಯಬೇಕಿಲ್ಲ. ಗಮನಿಸಬೇಕಾದದ್ದು ಇಷ್ಟು: ಕುಂಪಣಿ ಸ್ಥಳೀಯ ಜ್ಞಾನವನ್ನು ಸರಕಿನಂತೆ ಕೊಂಡಿತು. ಕೊಂಡ ಸರಕನ್ನು ಇನ್ನೊಬ್ಬ ಹೆಚ್ಚು ಬೆಲೆಗೆ ಕೊಳ್ಳಬಲ್ಲ. ಜೂನ್‌ನಲ್ಲಿ ಏಣಿ ಒದಗಿಸಿದ ವ್ಯವಸ್ಥೆಯೇ ಶರತ್ಕಾಲದ ಹೊತ್ತಿಗೆ ಬೆನ್ನು ತಿರುಗಿಸಿತು.

ಆ ಮಿತ್ರರ ಗತಿ ಏನಾಯಿತು? ಸಂಧಾನಕ್ಕಾಗಿ ಹೈದರಾಲಿ ಬಾರಾಮಹಲ್ ಪ್ರಾಂತವನ್ನೂ 10 ಲಕ್ಷ ರೂಪಾಯಿಯನ್ನೂ ಕೊಡಲು ಮುಂದಾಗಿದ್ದ. ಇನ್ನೂ ಹೆಚ್ಚಿನ ಆಸೆಯಿಂದ ಮದರಾಸು ಅದನ್ನು ತಳ್ಳಿಹಾಕಿತು. 1769ರ ಮಾರ್ಚ್ ಕೊನೆಯಲ್ಲಿ ಅವನು ಮದರಾಸಿನ ಹೊಸ್ತಿಲಲ್ಲೇ ನಿಂತಾಗ, ಪರಸ್ಪರ ಗೆದ್ದ ನೆಲಗಳನ್ನು ಹಿಂದಿರುಗಿಸುವ ಮತ್ತು ಕಷ್ಟಕಾಲದಲ್ಲಿ ನೆರವಾಗುವ ಒಪ್ಪಂದಕ್ಕೆ ಕುಂಪಣಿ ಸಹಿ ಹಾಕಬೇಕಾಯಿತು. ಮರು ವರ್ಷ ಮರಾಠರು ಮೈಸೂರಿನ ಮೇಲೆ ಬಂದಾಗ ಅದೇ ಕುಂಪಣಿ ಆ ಮಾತನ್ನು ಮರೆತಿತು. 1776ರಲ್ಲಿ ಗುತ್ತಿ ಹೈದರಾಲಿಯ ವಶವಾಗಿ ಮುರಾರಿರಾವ್ ಸೆರೆಯಲ್ಲೇ ಸತ್ತ. ಕುಂಪಣಿ ಅವನನ್ನು ಉಳಿಸಲು ಬರಲಿಲ್ಲ. 1801ರಲ್ಲಿ ನವಾಬನ ಕರ್ನಾಟಕ ಪ್ರಾಂತವನ್ನು ಕುಂಪಣಿಯೇ ನುಂಗಿತು. ಕೊಂಡುಕೊಂಡ ಮೈತ್ರಿಯಲ್ಲಿ ಕೊಂಡವನೂ ಮಾರಿಕೊಂಡವನೂ ಕೊನೆಗೆ ಒಬ್ಬರನ್ನೊಬ್ಬರು ನಂಬಲಾರರು.

ಇದು ಹಳೆಯ ಕಾಲಕ್ಕೆ ಮುಗಿದ ಮಾತಲ್ಲ. 2021ರ ಆಗಸ್ಟಿನಲ್ಲಿ ಕಾಬೂಲಿನ ವಿಮಾನ ನಿಲ್ದಾಣದ ಗೋಡೆಯ ಹೊರಗೆ ಕಾಗದಪತ್ರ ಎತ್ತಿ ಹಿಡಿದು ನಿಂತವರಲ್ಲಿ ಪರದೇಶಿ ಸೈನ್ಯಗಳಿಗೆ ದುಭಾಷಿಗಳಾಗಿ ದುಡಿದವರೂ ಇದ್ದರು. ದಾರಿ ತೋರಿದವನನ್ನು ದಾರಿಯಲ್ಲೇ ಬಿಟ್ಟು ಹೋಗುವ ಸೈನ್ಯ ಮುಂದಿನ ಯುದ್ಧದಲ್ಲಿ ದಾರಿ ತೋರುವವರನ್ನು ಎಲ್ಲಿಂದ ತರುತ್ತದೆ?

ನಮ್ಮ ಶಾಲೆಗಳಲ್ಲಿ ಮೊದಲ ಮೈಸೂರು ಯುದ್ಧವೆಂದರೆ ಒಂದು ಒಪ್ಪಂದ, ಎರಡು ಇಸವಿ. ಅದರ ಹೃದಯಭಾಗ ನಡೆದದ್ದು ಕೋಲಾರ, ಮಾಲೂರು, ಮುಳಬಾಗಿಲುಗಳ ಹೊಲಗದ್ದೆಗಳಲ್ಲಿ ಎಂಬುದು ಅಲ್ಲಿನ ಮಕ್ಕಳಿಗಾದರೂ ತಿಳಿಯಬೇಕು. ಇಂದು ಮಾವಿಗೆ ಹೆಸರಾದ ಶ್ರೀನಿವಾಸಪುರಕ್ಕೆ ಆಗ ಆ ಹೆಸರೇ ಇರಲಿಲ್ಲ. ಪಾಪನಪಲ್ಲಿಯಾಗಿದ್ದ ಊರಿಗೆ ದಿವಾನ್ ಪೂರ್ಣಯ್ಯ ತಮ್ಮ ಮಗನ ಹೆಸರಿಟ್ಟದ್ದು ಆಮೇಲೆ. ಆಳುವವರು ಬದಲಾದಂತೆ ಊರಿನ ಹೆಸರೂ ಬದಲಾಗುತ್ತದೆ. ಆದರೆ ಆ ಊರುಗಳಲ್ಲಿ ಬಿತ್ತಿ ಬೆಳೆದವರ ಹೆಸರು ವಿಲ್ಕ್ಸ್‌ನ ಗ್ರಂಥದಲ್ಲೂ ಇಲ್ಲ, ನಮ್ಮ ಪಠ್ಯದಲ್ಲೂ ಇಲ್ಲ. ನಾರ್ವೆಯಲ್ಲಿ ತೆಲವೋಗ್‌ನ ಸಂಕಟಕ್ಕೆ ವಸ್ತುಸಂಗ್ರಹಾಲಯವಿದೆ. ನಮ್ಮಲ್ಲಿ ಬಂಡೆಗಳಿವೆ. ಅವುಗಳ ಕಥೆಯನ್ನು ಗೆದ್ದವರ ಜಾಣ್ಮೆಯ ಕಥೆಯಾಗಿ ಮಾತ್ರ ಹೇಳದೆ, ಯಾರನ್ನು ಕೇಳದೆ ಬಾಗಿಲು ತೆರೆಯಲಾಯಿತೋ ಅವರ ಕಥೆಯಾಗಿಯೂ ಹೇಳುವುದನ್ನು ನಾವು ಕಲಿಯಬೇಕಾಗಿದೆ.