ಆಣ್ವಿಕ ಜೀವವಿಜ್ಞಾನದಲ್ಲಿ ಡಾಕ್ಟರೇಟ್: ಪೋಷಕರು ಅರಿತಿರಬೇಕಾದ ನಿಯಮಗಳು

ರಾಜಾಜಿನಗರ ಕೈಗಾರಿಕಾ ವಸಾಹತಿನಲ್ಲಿ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನಮ್ಮ ಕಕ್ಷಿದಾರರೊಬ್ಬರು ಲೆಕ್ಕಪತ್ರಗಳಿಗೆ ಸಹಿ ಮಾಡಲು ಬಂದಿದ್ದಾಗ ತಮ್ಮ ಚಿಂತೆಯೊಂದನ್ನು ತೋಡಿಕೊಂಡರು. ಎಂ.ಎಸ್ಸಿ. ಮುಗಿಸಿದ ಅವರ ಮಗಳು ಆಣ್ವಿಕ ಜೀವವಿಜ್ಞಾನದಲ್ಲಿ, ಅಂದರೆ ಮಾಲಿಕ್ಯುಲರ್ ಬಯಾಲಜಿಯಲ್ಲಿ, ಪಿಎಚ್.ಡಿ. ಮಾಡಬಯಸಿದ್ದಾಳೆ. "ಇನ್ನೆಷ್ಟು ವರ್ಷ, ಎಷ್ಟು ಖರ್ಚು ಸ್ವಾಮಿ?" ಎಂಬುದು ಅವರ ಪ್ರಶ್ನೆ. ಎರಡೇ ವರ್ಷದಲ್ಲಿ ಪದವಿ ಕೊಡಿಸುವುದಾಗಿ ಮಧ್ಯವರ್ತಿಯೊಬ್ಬ ಹಣ ಕೇಳಿದ್ದ. ಅದಕ್ಕಾಗಿ ಬ್ಯಾಂಕಿನ ಠೇವಣಿಯನ್ನು ಮುರಿಯಲು ಅವರು ಯೋಚಿಸಿದ್ದರು. ಇದೇ ಪ್ರಶ್ನೆ ಇತರ ಸದಸ್ಯರ ಮನೆಗಳಲ್ಲಿಯೂ ಏಳಬಹುದಾದ್ದರಿಂದ, ಅವರ ಒಪ್ಪಿಗೆ ಪಡೆದು ಈ ವಿವರಗಳನ್ನು ನೀಡಲಾಗಿದೆ.

ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2022ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ, ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. 55 ಅಥವಾ ನಾಲ್ಕು ವರ್ಷದ ಸ್ನಾತಕ ಪದವಿಯಲ್ಲಿ ಶೇ. 75 ಅಂಕ ಪಡೆದವರು ಅರ್ಹರು. ಮೀಸಲು ವರ್ಗಗಳಿಗೆ ಶೇ. 5ರ ರಿಯಾಯಿತಿಯಿದೆ. ಪ್ರವೇಶವು ನೆಟ್‌ನಂತಹ ರಾಷ್ಟ್ರೀಯ ಪರೀಕ್ಷೆ ಅಥವಾ ಸಂಸ್ಥೆಯದೇ ಪ್ರವೇಶ ಪರೀಕ್ಷೆ ಹಾಗೂ ಸಂದರ್ಶನದ ಮೂಲಕ ನಡೆಯುತ್ತದೆ. ಅಂಚೆ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನೀಡಲು ಅವಕಾಶವಿಲ್ಲ.

ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಎರಡು ವರ್ಷ ವಿಸ್ತರಣೆ ದೊರೆಯಬಹುದು. ಮಹಿಳೆಯರಿಗೆ ಇನ್ನೂ ಎರಡು ವರ್ಷ ಹೆಚ್ಚುವರಿ ಸಡಿಲಿಕೆಯೂ, 240 ದಿನಗಳವರೆಗೆ ಹೆರಿಗೆ ರಜೆಯೂ ಉಂಟು. ಆದುದರಿಂದ "ಎರಡೇ ವರ್ಷ" ಎನ್ನುವವನ ಮಾತು ನಿಯಮಕ್ಕೇ ವಿರುದ್ಧವಾದುದು.

ಮೊದಲಿಗೆ ಕನಿಷ್ಠ 12 ಕ್ರೆಡಿಟ್‌ಗಳ ಪಠ್ಯಕ್ರಮ; ಇದರಲ್ಲಿ ಸಂಶೋಧನಾ ನೀತಿಯ ವಿಷಯವೂ ಸೇರಿದೆ. ಅನಂತರ ಮಾರ್ಗದರ್ಶಕರ ಕೈಕೆಳಗೆ ಪ್ರಯೋಗಾಲಯದ ಕೆಲಸ. ಪ್ರತಿ ಸೆಮಿಸ್ಟರ್‌ನಲ್ಲಿ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಮಂಡಿಸಬೇಕು. ಜೀನು, ಪ್ರೋಟೀನುಗಳ ಪ್ರಯೋಗವು ಒಮ್ಮೆ ಫಲಿಸಿದರೆ ಸಾಲದು. ಮರಳಿ ಮಾಡಿದಾಗಲೂ ಅದೇ ಫಲ ಬರಬೇಕು. ಸಾಕಿದ ಜೀವಕೋಶಗಳು ಸತ್ತರೆ ತಿಂಗಳುಗಳ ಶ್ರಮ ಮತ್ತೆ ಮೊದಲಿನಿಂದ. ಈ ವಿಷಯದಲ್ಲಿ ಐದಾರು ವರ್ಷ ಹಿಡಿಯುವುದಕ್ಕೆ ಇದೇ ಮುಖ್ಯ ಕಾರಣ. ಕೊನೆಗೆ ಪ್ರಬಂಧವನ್ನು ಕೃತಿಚೌರ್ಯ ತಪಾಸಣೆಗೆ ಒಳಪಡಿಸಿ, ಸಂಸ್ಥೆಯ ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರಿಗೆ ಕಳುಹಿಸಲಾಗುತ್ತದೆ. ಬಳಿಕ ಮೌಖಿಕ ಪರೀಕ್ಷೆ. ಸಂಶೋಧನಾ ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು 2022ರ ನಿಯಮಾವಳಿ ಕೈಬಿಟ್ಟಿದೆ. ಆದರೂ ಮುಂದಿನ ಉದ್ಯೋಗಕ್ಕೆ ಲೇಖನವೇ ಆಧಾರ.

ಇನ್ನು ಲೆಕ್ಕದ ಮಾತು. ನೆಟ್‌ನಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್‌ಗೆ (ಜೆಆರ್‌ಎಫ್) ಆಯ್ಕೆಯಾದವರಿಗೆ, 1-1-2023ರಿಂದ ಪರಿಷ್ಕರಿಸಿದ ದರದಂತೆ, ಮೊದಲ ಎರಡು ವರ್ಷ ಮಾಸಿಕ ರೂ. 37,000, ಪ್ರಗತಿ ತೃಪ್ತಿಕರವಾಗಿದ್ದರೆ ಅನಂತರ ರೂ. 42,000. ಐದು ವರ್ಷಕ್ಕೆ ರೂ. 24 ಲಕ್ಷ, ಮನೆಬಾಡಿಗೆ ಭತ್ಯೆ ಬೇರೆ. ಶಿಕ್ಷಣದ ವೆಚ್ಚಕ್ಕೆಂದು ನೀಡುವ ವಿದ್ಯಾರ್ಥಿವೇತನಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆ. ಫೆಲೋಶಿಪ್ ದೊರೆಯದಿದ್ದರೆ ಮಾತ್ರ ಮನೆಯವರ ನೆರವು ಬೇಕಾದೀತು. ಪ್ರತಿಯಾಗಿ ಕುಟುಂಬವು ತೆರುವುದು ಕಾಲವನ್ನು: ಆ ವರ್ಷಗಳಲ್ಲಿ ಬರಬಹುದಾಗಿದ್ದ ಸಂಬಳ ಬರುವುದಿಲ್ಲ, ಪದವಿಯ ಬಳಿಕ ಉದ್ಯೋಗ ಖಚಿತವೆಂದೂ ಹೇಳಲಾಗದು. ಈ ಎರಡನ್ನೂ ಮೊದಲೇ ಒಪ್ಪಿಕೊಳ್ಳುವುದು ಲೇಸು.

ನಮ್ಮ ಭಾಗದವರಿಗೆ ಅವಕಾಶಗಳು ದೂರವಿಲ್ಲ. ಕೆಂಗೇರಿಗೆ ಸಮೀಪದ ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯವಿದೆ. ರಾಜಾಜಿನಗರದಿಂದ ಅನತಿ ದೂರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1921ರಿಂದಲೇ ಜೀವರಸಾಯನ ವಿಭಾಗವಿದೆ, ಜಿ.ಎನ್. ರಾಮಚಂದ್ರನ್ ಅವರು ಆಣ್ವಿಕ ಜೈವಿಕ ಭೌತವಿಜ್ಞಾನ ಘಟಕವನ್ನು ಸ್ಥಾಪಿಸಿದ್ದೂ ಇಲ್ಲಿಯೇ. ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವೂ ಇದೆ. ಆಯಾ ಸಂಸ್ಥೆಯ ನಿಯಮಗಳನ್ನು ನೇರವಾಗಿ ವಿಚಾರಿಸಿ, ಮಧ್ಯವರ್ತಿಗಳನ್ನು ದೂರವಿಡಿ.

ನಮ್ಮ ಕಕ್ಷಿದಾರರು ಠೇವಣಿಯನ್ನು ಮುರಿಯಲಿಲ್ಲ. ಮಗಳು ನೆಟ್ ಪರೀಕ್ಷೆಗೆ ಸಿದ್ಧತೆ ನಡೆಸಿದ್ದಾಳೆ.